ಬಣ್ಣ ಆಮೇಲೆ, ಮೊದ್ಲು ಸ್ಪಿಂಡಲ್ ನೋಡಿ

(ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಭಾನುವಾರ ಸಂಜೆ, ಹಳೇ ಮಷೀನ್ ರಿಪೇರಿಲಿ ಆಸಕ್ತಿ ಇರೋವ್ರ ಮುಂದೆ ಮಾತಾಡಿದ್ದರ ಬರಹ ರೂಪ. ಮಾತಾಡಿದ ಹಾಗೇ ಬಿಟ್ಟಿದೀನಿ, ಅಲ್ಲಲ್ಲಿ ಜನ ಕೇಳಿದ ಪ್ರಶ್ನೆನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಇಲ್ಲಿ ಡಿಪ್ಲೊಮಾ, ಐಟಿಐ ಹುಡುಗ್ರು ಇದಾರೆ, ಮನೆ ಗ್ಯಾರೇಜಲ್ಲಿ ಮರದ ಕೆಲ್ಸ, ಚಾಕು ಮಾಡೋದು ಅಂತ ಹವ್ಯಾಸ ಇಟ್ಕೊಂಡಿರೋವ್ರು ಇದಾರೆ, ಪೀಣ್ಯದಲ್ಲಿ ಸ್ವಂತ ಶೆಡ್ ಇರೋ ಹಿರಿಯರೂ ಬಂದಿದಾರೆ, ಅದಕ್ಕೇ ಎಲ್ರಿಗೂ ಒಂದಲ್ಲ ಒಂದು ಉಪಯೋಗ ಆಗ್ಲಿ ಅಂತ ಒಂದೇ ಮಷೀನ್ ಹಿಡ್ಕೊಂಡು ಮಾತಾಡ್ತೀನಿ. ಪಿಲ್ಲರ್ ಡ್ರಿಲ್ಲಿಂಗ್ ಮಷೀನ್, ಅಂದ್ರೆ ಕಂಬದ ಮೇಲೆ ಹೆಡ್ ಕೂತಿರೋ, ಲೋಹಕ್ಕೆ ತೂತು ಹೊಡಿಯೋ ಮಷೀನ್. ಹಳೇದನ್ನ ಹೆಂಗೆ ಆರಿಸ್ಬೇಕು, ಹೆಂಗೆ ಸರಿ ಮಾಡ್ಬೇಕು, ಸರಿ ಮಾಡಿದ್ಮೇಲೆ ಹೆಂಗೆ ಮಾರ್ಬೇಕು.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಹಳೇ ಡ್ರಿಲ್ ರಿಪೇರಿ ಅಂದ್ರೆ ಅದು ಮತ್ತೆ ನೆಟ್ಟಗೆ, ದುಂಡಗೆ ತೂತು ಹೊಡಿಯೋ ಹಾಗೆ ಮಾಡೋದು. ಮಾರೋದು ಅಂದ್ರೆ ಏನು ಸರಿ ಮಾಡಿದೀವಿ, ಏನು ಹಾಗೇ ಬಿಟ್ಟಿದೀವಿ ಅನ್ನೋದನ್ನ ತಗೊಳೋವ್ರಿಗೆ ಪೂರ್ತಿ ಹೇಳಿ ಕೊಡೋದು. ಈಗ ಮಾರ್ಕೆಟ್ಟಲ್ಲಿ ಜಾಸ್ತಿ ನಡೀತಿರೋದು ಇದರ ಉಲ್ಟಾ. ಮಷೀನ್ ತರ್ತಾರೆ, ವೈರ್ ಬ್ರಷ್ ಹಾಕಿ ಉಜ್ಜಿ ಹಸಿರು ಬಣ್ಣ ಹೊಡೀತಾರೆ, ಹ್ಯಾಂಡಲ್ ಗುಂಡಿಗೆ ಕೆಂಪು ಬಳೀತಾರೆ, ಒಂದು ಫೋಟೋ ಹಾಕಿ ‘ಫುಲ್ ರೀಕಂಡೀಷನ್ಡ್’ ಅಂತಾರೆ. ಒಳಗೆ ಸ್ಪಿಂಡಲ್, ಅಂದ್ರೆ ಡ್ರಿಲ್ಲನ್ನ ತಿರುಗಿಸೋ ಶಾಫ್ಟ್, ಬಿಚ್ಚೇ ಇರಲ್ಲ. ಮೇಲೆ ಥಳಕು ಒಳಗೆ ಹುಳುಕು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಇದ್ರಿಂದ ಕಷ್ಟ ಪಡೋದು ಯಾರು ಗೊತ್ತಾ, ಸಾಲ ಮಾಡಿ ಮೊದಲನೇ ಮಷೀನ್ ತಗೊಂಡು ಸಣ್ಣ ವರ್ಕ್‌ಶಾಪ್ ಶುರು ಮಾಡೋ ಹುಡುಗ, ಅವನು ಹೊಡೆದ ತೂತು ಅಗಲ ಆಗಿ ಜಾಬ್, ಅಂದ್ರೆ ಮಾಡಿಕೊಟ್ಟ ಸಾಮಾನು, ರಿಜೆಕ್ಟ್ ಆಗಿ ವಾಪಸ್ ಬರತ್ತೆ.

ನಮ್ಮೂರಲ್ಲಿ ಈ ಮಷೀನ್‌ಗಳು ಇಷ್ಟೊಂದು ಯಾಕೆ ಸಿಗ್ತವೆ ಅಂತ ಸ್ವಲ್ಪ ಹೇಳ್ಬೇಕು, ಇದು ಇಲ್ಲಿನ ಹುಡುಗ್ರಿಗೆ ಗೊತ್ತಿರ್ಲೇಬೇಕಾದ ವಿಷಯ. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾಯ್ತು, 1940ರಲ್ಲಿ ಇಲ್ಲಿ ಎಚ್‌ಎಎಲ್, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1948ರಲ್ಲಿ ಟೆಲಿಫೋನ್ ಮಾಡೋ ಐಟಿಐ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಎಚ್‌ಎಂಟಿಯವ್ರು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಜೊತೆ ಸೇರಿ ಲೇತ್ ಮಾಡೋಕೆ ಶುರು ಮಾಡಿದವ್ರು, ಆಮೇಲೆ ಅವ್ರ ರೇಡಿಯಲ್ ಡ್ರಿಲ್‌ಗಳು ದೇಶದ ತುಂಬಾ ಹೋದ್ವು. ಈ ದೊಡ್ಡ ಕಾರ್ಖಾನೆಗಳ ಜಾಬ್‌ವರ್ಕ್ ನಂಬ್ಕೊಂಡು ರಾಜಾಜಿನಗರ, ಕಾಮಾಕ್ಷಿಪಾಳ್ಯ, ಆಮೇಲೆ ಪೀಣ್ಯ, ಹಿಂಗೆ ಸಣ್ಣ ಸಣ್ಣ ಶೆಡ್ ಹುಟ್ಕೊಂಡ್ವು, ಒಂದೊಂದು ಶೆಡ್ಡಲ್ಲೂ ಒಂದು ಲೇತ್, ಒಂದು ಗ್ರೈಂಡರ್, ಒಂದು ಪಿಲ್ಲರ್ ಡ್ರಿಲ್ ಇದ್ದೇ ಇರ್ತಿತ್ತು. ಈಗ ಆ ಶೆಡ್‌ಗಳು ಒಂದೊಂದಾಗಿ ಗೋಡೌನ್ ಆಗ್ತಿವೆ, ಅಪಾರ್ಟ್‌ಮೆಂಟ್ ಆಗ್ತಿವೆ. ಲೇತ್‌ಗೆ ಹೆಂಗೋ ಗಿರಾಕಿ ಸಿಗ್ತಾರೆ. ಡ್ರಿಲ್ ಮಾತ್ರ ತೂಕಕ್ಕೆ ಹೋಗತ್ತೆ.

ಅದು ನನಗೆ ಸಹಿಸೋಕೆ ಆಗಲ್ಲ. ಹಳೇ ಡ್ರಿಲ್‌ನ ಬೇಸು, ಟೇಬಲ್, ಹೆಡ್ ಎಲ್ಲಾ ದಪ್ಪ ಬೀಡು, ಅಂದ್ರೆ ಎರಕದ ಕಬ್ಬಿಣ. ಬೀಡಿನ ಒಳಗೆ ಗ್ರಾಫೈಟ್ ಪದರ ಪದರವಾಗಿ ಇರತ್ತೆ, ಅದೇ ನಡುಕವನ್ನ ನುಂಗ್ಕೊಳೋದು, ಅದಕ್ಕೇ ಈ ಮಷೀನಲ್ಲಿ ಡ್ರಿಲ್ ಒತ್ತಿದ್ರೆ ಕಿರುಚಲ್ಲ. ಈಗ ಕಡಿಮೆ ದುಡ್ಡಿಗೆ ಬರೋ ಹೊಸ ಬೆಂಚ್ ಡ್ರಿಲ್‌ಗಳಲ್ಲಿ ಎಷ್ಟೋ ತೆಳು ಕ್ಯಾಸ್ಟಿಂಗ್, ತೆಳು ಪೈಪಿನ ಪಿಲ್ಲರ್, ಹ್ಯಾಂಡಲ್ ಜೋರಾಗಿ ಒತ್ತಿದ್ರೆ ಹೆಡ್ಡೇ ಮೇಲಕ್ಕೆ ಬಾಗೋದು ಕಣ್ಣಿಗೆ ಕಾಣತ್ತೆ.

ಸರಿ, ಆರಿಸೋದಕ್ಕೆ ಬರೋಣ. ಸಿಗೋ ಜಾಗಗಳು ನಿಮಗೆ ಗೊತ್ತು: ಮುಚ್ತಿರೋ ಶೆಡ್, ಗುಜರಿ ಅಂಗಡಿ, ಎಸ್.ಜೆ.ಪಿ. ರೋಡ್ ಸುತ್ತಮುತ್ತ ಹಳೇ ಮಷೀನ್ ಇಟ್ಕೊಂಡಿರೋವ್ರು, ಸರ್ಕಾರಿ ಕಾರ್ಖಾನೆಗಳದ್ದಾದ್ರೆ ಎಂಎಸ್‌ಟಿಸಿ ಅನ್ನೋ ಕೇಂದ್ರ ಸರ್ಕಾರದ ಕಂಪನಿಯ ಆನ್‌ಲೈನ್ ಹರಾಜು. ಹರಾಜಲ್ಲಿ ಲಾಟ್ ಲೆಕ್ಕದಲ್ಲಿ ಕೊಡ್ತಾರೆ, ಹೆಂಗಿದ್ಯೋ ಹಂಗೆ ಎತ್ಕೊಂಡು ಹೋಗ್ಬೇಕು, ಒಂದು ಡ್ರಿಲ್ ಬೇಕು ಅಂತ ಅಲ್ಲಿಗೆ ಹೋದ್ರೆ ಜೊತೆಗೆ ಬೇಡದ ಸಾಮಾನೆಲ್ಲ ಬರತ್ತೆ.

ನೋಡೋಕೆ ಹೋದಾಗ ತುಕ್ಕಿಗೆ ಹೆದರ್ಬೇಡಿ. ತುಕ್ಕು ಹೋಗತ್ತೆ. ಹೆದರ್ಬೇಕಾಗಿರೋದು ಬಿರುಕಿಗೆ. ಹೆಡ್ ಕ್ಯಾಸ್ಟಿಂಗ್ ಪಿಲ್ಲರ್‌ನ ಕಚ್ಚೋ ಜಾಗ, ಟೇಬಲ್‌ನ ಕ್ಲ್ಯಾಂಪ್ ಬೋಲ್ಟ್ ಇರೋ ಕಿವಿ, ಬೇಸಿನ ಬೋಲ್ಟ್ ತೂತುಗಳ ಸುತ್ತ, ಇಲ್ಲೆಲ್ಲ ಸೀಮೆಎಣ್ಣೆ ಬಟ್ಟೆಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ. ಬೀಡನ್ನ ಬೆಸೆಯೋದು ಆಗದೇ ಇರೋ ಕೆಲ್ಸ ಏನಲ್ಲ, ಚೆನ್ನಾಗಿ ಕಾಯಿಸಿ ನಿಕಲ್ ರಾಡಲ್ಲಿ ವೆಲ್ಡ್ ಮಾಡ್ತಾರೆ, ಹಿತ್ತಾಳೆಲಿ ಬ್ರೇಜಿಂಗ್ ಮಾಡ್ತಾರೆ, ಆದ್ರೆ ಹೆಡ್‌ನ ಬೋರ್ (ಒಳಗಿನ ದುಂಡು ತೂತು) ಹತ್ರ ಕಾಯಿಸಿದ್ರೆ ಅದು ಸೊಟ್ಟ ಆಗೋ ಚಾನ್ಸ್ ಜಾಸ್ತಿ, ಆಮೇಲೆ ಬೋರಿಂಗ್ ಖರ್ಚು ಬೇರೆ. ಹಂಗಾಗಿ ಹೆಡ್ ಬಿರುಕು ಬಿಟ್ಟಿದ್ರೆ ಸುಮ್ನೆ ಬಂದ್ಬಿಡಿ. ಟೇಬಲ್ ಮೇಲೆ ಯಾರೋ ಡ್ರಿಲ್ ಇಳಿಸಿ ಗುಂಡಿ ಮಾಡಿರ್ತಾರೆ, ಅದು ಎಲ್ಲ ಮಷೀನಲ್ಲೂ ಇರತ್ತೆ, ಅದಕ್ಕೆ ಬೆಲೆ ಇಳಿಸೋಕೆ ಕೇಳಿ, ಬೇಡ ಅನ್ಬೇಡಿ.

ಆಮೇಲೆ ಕ್ವಿಲ್. ಹ್ಯಾಂಡಲ್ ತಿರುಗಿಸಿದ್ರೆ ಕೆಳಗೆ ಇಳಿಯತ್ತಲ್ಲ, ಒಳಗೆ ಸ್ಪಿಂಡಲ್ ಇಟ್ಕೊಂಡಿರೋ ಆ ಸಿಲಿಂಡರ್. ಪೂರ್ತಿ ಇಳಿಸಿ, ಡ್ರಿಲ್ ಕಚ್ಕೊಳೋ ಚಕ್ ಹಿಡ್ಕೊಂಡು ಹಿಂದೆ ಮುಂದೆ ಅಲ್ಲಾಡಿಸಿ. ಅಲ್ಲಾಡಿದ್ರೆ ಎಲ್ಲಿ ಆಟ ಇದೆ ಅಂತ ಕಂಡುಹಿಡೀಬೇಕು: ಸ್ಪಿಂಡಲ್ ಬೇರಿಂಗಲ್ಲೋ, ಕ್ವಿಲ್ ಮತ್ತೆ ಹೆಡ್ ಬೋರ್ ಮಧ್ಯೆನೋ. ಬೇರಿಂಗ್ ಆದ್ರೆ ಬದಲಾಯಿಸ್ಬಹುದು. ಬೋರ್ ಸವೆದಿದ್ರೆ ಕಷ್ಟ, ಆದ್ರೆ ಕೆಲವು ಹಳೇ ಡಿಸೈನ್‌ಗಳಲ್ಲಿ ಹೆಡ್‌ನ ಒಂದು ಕಡೆ ಸೀಳಿ ಬೋಲ್ಟ್ ಕೊಟ್ಟಿರ್ತಾರೆ, ಅದನ್ನ ಸ್ವಲ್ಪ ಬಿಗಿ ಮಾಡಿದ್ರೆ ಬೋರ್ ಕೂಡ್ಕೊಂಡು ಆಟ ಹೋಗತ್ತೆ.

ಉದಾಹರಣೆಗೆ ಒಂದು ಮಷೀನ್ ಹೇಳ್ತೀನಿ. ಕಾಮಾಕ್ಷಿಪಾಳ್ಯದ ಒಂದು ಶೆಡ್‌ನದ್ದು, ಮುಕ್ಕಾಲು ಇಂಚು ಕೆಪ್ಯಾಸಿಟಿ ಪಿಲ್ಲರ್ ಡ್ರಿಲ್, ಇಂಗ್ಲೆಂಡಲ್ಲಿ ಮಾಡಿದ್ದು, ಹಿತ್ತಾಳೆ ಪ್ಲೇಟ್ ಕಪ್ಪಗಾಗಿತ್ತು, ಮೋಟರ್ ಯಾವಾಗ್ಲೋ ಬದಲಾಯಿಸಿ ಎನ್‌ಜಿಇಎಫ್‌ದು ಹಾಕಿದ್ರು. ಎನ್‌ಜಿಇಎಫ್ ಅಂದ್ರೆ ನಮ್ಮ ಬೈಯಪ್ಪನಹಳ್ಳಿ ಕಾರ್ಖಾನೆ, ಜರ್ಮನಿಯ ಎಇಜಿ ಜೊತೆ ಸೇರಿ ಶುರುವಾಗಿದ್ದು, 2002ರಲ್ಲಿ ಮುಚ್ಚಿದ್ರು, ಮೋಟರ್‌ಗಳು ಮಾತ್ರ ಇವತ್ತಿಗೂ ಓಡ್ತಾ ಇವೆ. ಶೆಡ್ ಯಜಮಾನ್ರು ದೊಡ್ಡವರು, ರೇಟ್ ಬಗ್ಗೆ ಜಾಸ್ತಿ ಮಾತಾಡ್ಲಿಲ್ಲ. ‘ನಮ್ಮ ತಂದೆ ತಂದಿದ್ದು ಕಣಪ್ಪ, ನೀನು ಎಷ್ಟಾದ್ರೂ ಕೊಡು, ಒಡೆಸ್ಬೇಡ ಅಷ್ಟೇ’ ಅಂದ್ರು. ನಾನು ಗುಜರಿ ರೇಟಿಗಿಂತ ಜಾಸ್ತಿನೇ ಕೊಟ್ಟೆ. ಈ ಲೆಕ್ಕ ಎಲ್ರೂ ಮೊದ್ಲು ಹಾಕ್ಕೋಬೇಕು: ಮಷೀನ್ 120 ಕೆಜಿ ಇದೆ, ಆ ದಿನ ಬೀಡಿನ ರೇಟು ಕೆಜಿಗೆ 35 ಅಂತ ಇಟ್ಕೊಳ್ಳಿ, 4200 ರೂಪಾಯಿ ಆಯ್ತು. ಅದು ತಳ. ಅದಕ್ಕಿಂತ ಕಡಿಮೆಗೆ ಕೇಳಿದ್ರೆ ಅವ್ರು ಗುಜರಿಯವನಿಗೇ ಕೊಡ್ತಾರೆ, ಕೊಟ್ರೆ ತಪ್ಪೂ ಇಲ್ಲ.

ಸಾಗಿಸೋದು ಒಂದು ಮಾತು. ಈ ಮಷೀನ್‌ಗೆ ತಲೆಭಾರ ಜಾಸ್ತಿ, ನಿಲ್ಲಿಸ್ಕೊಂಡು ಟಾಟಾ ಏಸ್‌ನಲ್ಲಿ ತಂದ್ರೆ ಮೊದಲನೇ ಹಂಪ್‌ಗೇ ಮಗುಚತ್ತೆ. ಮೋಟರ್ ಬಿಚ್ಚಿ, ಹೆಡ್ ಕೆಳಗೆ ಮರದ ಸಪೋರ್ಟ್ ಕೊಟ್ಟು ಚೈನ್ ಪುಲ್ಲಿಲಿ ಹಿಡ್ಕೊಂಡು ಹೆಡ್ ಇಳಿಸಿ, ಪಿಲ್ಲರ್ ಮಲಗಿಸಿ ತನ್ನಿ. ಹಮಾಲಿ ದುಡ್ಡು ಉಳಿಸೋಕೆ ಹೋಗಿ ಬೆನ್ನು ಹಿಡಿಸ್ಕೋಬೇಡಿ.

ಬಿಚ್ಚೋಕೆ ಮುಂಚೆ ಫೋಟೋ ತೆಗೀರಿ, ಬಿಚ್ಚಿದ್ದನ್ನ ಡಬ್ಬಿಲಿ ಹಾಕಿ ಹೆಸರು ಬರೀರಿ. ಎರಡು ವಿಷಯ ಮಾತ್ರ ಒತ್ತಿ ಹೇಳ್ತೀನಿ. ಒಂದು, ಹೆಡ್ ಪಕ್ಕ ಒಂದು ಬಟ್ಟಲು ಥರ ಇರತ್ತೆ ನೋಡಿ, ಅದರೊಳಗೆ ಪಟ್ಟಿ ಸ್ಪ್ರಿಂಗ್ ಸುತ್ತಿಟ್ಟಿರ್ತಾರೆ, ಹ್ಯಾಂಡಲ್ ಬಿಟ್ರೆ ಕ್ವಿಲ್ ಮೇಲೆ ಹೋಗೋದು ಅದರಿಂದಾನೇ. ಅದನ್ನ ನಟ್ಟು ಬಿಚ್ಚಿ ಹಂಗೇ ಎಳೆದ್ರೆ ಬೆರಳು ಕತ್ತರಿಸತ್ತೆ. ಬಟ್ಟಲನ್ನ ಗಟ್ಟಿಯಾಗಿ ಹಿಡ್ಕೊಂಡು ಒಂದೊಂದೇ ಕಚ್ಚು ಬಿಡ್ತಾ ಪೂರ್ತಿ ಸಡಿಲ ಆದ್ಮೇಲೇ ತೆಗೀಬೇಕು, ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕ್ಕೊಂಡೇ.

ಎರಡನೇದು ನಟ್ಟು ಬೋಲ್ಟು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ 1956ರ ಕಾನೂನು ಬಂದ್ಮೇಲೆ ಹಂತ ಹಂತವಾಗಿ ಬದಲಾಗಿದ್ದು. ಅದಕ್ಕಿಂತ ಹಳೇ ಮಷೀನು, ಇಂಗ್ಲೆಂಡಿನ ಮಷೀನು ಅಂದ್ರೆ ವಿಟ್‌ವರ್ತ್ ಮರೆ (ಬೋಲ್ಟಿನ ಥ್ರೆಡ್). ಜೋಸೆಫ್ ವಿಟ್‌ವರ್ತ್ ಅನ್ನೋವ್ರು 1841ರಲ್ಲಿ ತಂದ ಪದ್ಧತಿ, ಮರೆಯ ಕೋನ 55 ಡಿಗ್ರಿ. ಮೆಟ್ರಿಕ್‌ದು 60. ಅರ್ಧ ಇಂಚಿನ ವಿಟ್‌ವರ್ತಲ್ಲಿ ಇಂಚಿಗೆ 12 ಮರೆ, ಅದೇ ಅರ್ಧ ಇಂಚಿನ ಅಮೆರಿಕನ್ ಯುಎನ್‌ಸಿಲಿ 13. ಕೈಗೆ ಸಿಕ್ಕಿದ ಬೋಲ್ಟ್ ಹಾಕಿ ಸ್ಪ್ಯಾನರಲ್ಲಿ ಒತ್ತಿ ತಿರುಗಿಸಿದ್ರೆ ಬೀಡಿನೊಳಗಿನ ಮರೆ ಪುಡಿಪುಡಿ ಆಗತ್ತೆ. ಥ್ರೆಡ್ ಗೇಜ್ ಇಟ್ಟು ನೋಡಿ ಆಮೇಲೆ ಬೋಲ್ಟ್ ಹುಡುಕಿ, ಎಸ್.ಜೆ.ಪಿ. ರೋಡಲ್ಲಿ ಕೇಳಿದ್ರೆ ವಿಟ್‌ವರ್ತ್ ಬೋಲ್ಟ್ ಇನ್ನೂ ಸಿಗ್ತವೆ, ಇಲ್ಲಾಂದ್ರೆ ಒಬ್ಬ ಒಳ್ಳೇ ಟರ್ನರ್ ಹತ್ರ ಮಾಡಿಸಿ.

ತುಕ್ಕು ಬಿಡಿಸೋದು ಹೇಳಿ ಅಂತ ಒಬ್ಬರು ಕೇಳಿದ್ರು. ಪಿಲ್ಲರ್, ಟೇಬಲ್ ಇಂಥ ದೊಡ್ಡ ಭಾಗಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್, ಜೊತೆಗೆ ಸಣ್ಣ ಎಮರಿ, ಹಿತ್ತಾಳೆ ಬ್ರಷ್, ಅಷ್ಟು ಸಾಕು. ಗ್ರೈಂಡರ್‌ಗೆ ಫ್ಲ್ಯಾಪ್ ಹಾಕ್ಕೊಂಡು ಪಿಲ್ಲರ್ ಮೇಲೆ ಹೋಗ್ಬೇಡಿ, ಗುಂಡಗಿರೋದು ಹೋಗ್ಬಿಡತ್ತೆ, ಆಮೇಲೆ ಹೆಡ್ ಒಂದು ಜಾಗದಲ್ಲಿ ಬಿಗಿ ಇನ್ನೊಂದು ಜಾಗದಲ್ಲಿ ಲೂಸ್. ಸಣ್ಣ ಭಾಗಗಳನ್ನ ನೀರಲ್ಲಿ ಸಿಟ್ರಿಕ್ ಆಸಿಡ್ ಕಲೆಸಿ ನೆನೆಹಾಕಿ, ದಿನಸಿ ಅಂಗಡಿಲಿ ನಿಂಬೆ ಉಪ್ಪು ಅಂತ ಸಿಗತ್ತಲ್ಲ ಅದೇ. ತೆಗೆದ ತಕ್ಷಣ ವಾಷಿಂಗ್ ಸೋಡಾ ನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಬೇಕು, ನಮ್ಮೂರ ಮಳೆಗಾಲದಲ್ಲಿ ಬೋಳು ಕಬ್ಬಿಣ ಬಿಟ್ರೆ ರಾತ್ರಿ ಬೆಳಗಾಗೋದ್ರೊಳಗೆ ಮತ್ತೆ ಕೆಂಪಗಾಗಿರತ್ತೆ. ಸ್ಪ್ರಿಂಗ್‌ಗಳನ್ನ ಮಾತ್ರ ಆಸಿಡ್‌ಗೆ ಹಾಕ್ಬೇಡಿ, ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರ್ಕೊಂಡು ಪೆಳಸಾಗಿ ಮುರಿಯತ್ತೆ. ಬ್ಯಾಟರಿ ಚಾರ್ಜರ್ ಇಟ್ಟು ಸೋಡಾ ನೀರಲ್ಲಿ ಕರೆಂಟ್ ಬಿಡೋ ವಿಧಾನನೂ ಚೆನ್ನಾಗಿದೆ, ತುಕ್ಕಿನ ಭಾಗ ನೆಗೆಟಿವ್‌ಗೆ, ಯಾವ್ದಾದ್ರೂ ವೇಸ್ಟ್ ಕಬ್ಬಿಣದ ತಗಡು ಪಾಸಿಟಿವ್‌ಗೆ. ಆ ತಗಡಿನ ಜಾಗದಲ್ಲಿ ಸ್ಟೀಲ್ ಪಾತ್ರೆ, ಸ್ಟೀಲ್ ತಟ್ಟೆ ಬೇಡವೇ ಬೇಡ, ಅದ್ರಲ್ಲಿರೋ ಕ್ರೋಮಿಯಂ ಕರಗಿ ಕ್ಯಾನ್ಸರ್ ತರೋ ವಿಷ ಆಗತ್ತೆ. ಬಯಲಲ್ಲಿ ಇಟ್ಟು ಮಾಡಿ, ಬರೋ ಗ್ಯಾಸ್ ಹೈಡ್ರೋಜನ್, ಪಕ್ಕದಲ್ಲಿ ಬೀಡಿ ಸಿಗರೇಟು ಬೇಡ.

ಈಗ ನಾನು ಹೇಳ್ಬೇಕು ಅಂತ ಬಂದಿರೋ ಮುಖ್ಯ ವಿಷಯ. ಸ್ಪಿಂಡಲ್.

ಡ್ರಿಲ್ ‘ಔಟ್’ ಹೊಡೀತಿದೆ, ಅಂದ್ರೆ ನಟ್ಟನಡು ತಿರುಗದೇ ಓಲಾಡ್ತಿದೆ ಅಂತ ಎಲ್ರೂ ಹೇಳ್ತಾರೆ, ತಕ್ಷಣ ಬೇರಿಂಗ್ ಹೋಗಿದೆ ಅಂತ ತೀರ್ಮಾನ ಮಾಡಿ ಪುಲ್ಲರ್ ಹಾಕಿ ಎಳೆಯೋಕೆ ಶುರು ಮಾಡ್ತಾರೆ. ಸ್ವಲ್ಪ ತಾಳಿ. ಚಕ್ ತೆಗೀರಿ. ಹಳೇ ಪಿಲ್ಲರ್ ಡ್ರಿಲ್‌ನ ಸ್ಪಿಂಡಲ್ ಒಳಗೆ ಮೋರ್ಸ್ ಟೇಪರ್ (ಎಂಟಿ) ಇರತ್ತೆ, ಅಂದ್ರೆ ಒಳಗೆ ಹೋಗ್ತಾ ಹೋಗ್ತಾ ಸಣ್ಣ ಆಗೋ ತೂತು, ಚಿಕ್ಕದರಲ್ಲಿ ಎಂಟಿ-2, ಸ್ವಲ್ಪ ದೊಡ್ಡದರಲ್ಲಿ ಎಂಟಿ-3. ಎಂಟಿ-2ರ ಅಗಲದ ಕಡೆ 17.78 ಎಂಎಂ, ಎಂಟಿ-3ದು 23.825. ಈ ಇಳಿಜಾರು ಸುಮಾರು ಇಪ್ಪತ್ತಕ್ಕೆ ಒಂದು. ಸ್ಟೀಫನ್ ಮೋರ್ಸ್ ಅಂತ ಅಮೆರಿಕದವ್ರು, 1863ರಲ್ಲಿ ಟ್ವಿಸ್ಟ್ ಡ್ರಿಲ್‌ಗೆ ಪೇಟೆಂಟ್ ತಗೊಂಡಿದ್ದೂ ಅವ್ರೇ, ಅವ್ರ ಹೆಸರೇ ಈ ಟೇಪರ್‌ಗೆ ಉಳ್ಕೊಂಡಿದೆ. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ, ಬರೀ ಎರಡು ಇಳಿಜಾರಿನ ಮೈ ಒಂದಕ್ಕೊಂದು ಪೂರ್ತಿ ತಾಗಿ ಹಿಡ್ಕೊಳತ್ತೆ. ಇದನ್ನ ಸುತ್ತಿಗೆಲಿ ಹೊಡೆದು ಬೀಳಿಸ್ಬಾರ್ದು, ಸ್ಪಿಂಡಲ್ ಪಕ್ಕದ ಉದ್ದ ತೂತಲ್ಲಿ ಬೆಣೆ ಥರದ ಡ್ರಿಫ್ಟ್ ಹಾಕಿ ಮೆಲ್ಲಗೆ ತಟ್ಟಿದ್ರೆ ಬರತ್ತೆ.

ಆ ಮೈ ಮೇಲೆ ಒಂದು ಸಣ್ಣ ಚಿಪ್ಪು, ಒಂದು ಗೀರು ಎದ್ದು ನಿಂತಿದ್ರೂ ಸಾಕು, ಚಕ್ ಸೊಟ್ಟ ಕೂತ್ಕೊಳತ್ತೆ, ಡ್ರಿಲ್ ತುದಿಗೆ ಬರೋ ಹೊತ್ತಿಗೆ ಅದು ದೊಡ್ಡದಾಗಿ ಕಾಣತ್ತೆ. ಹಂಗಾಗಿ ಮೊದ್ಲು ಕೋಲಿಗೆ ಬಟ್ಟೆ ಸುತ್ತಿ ಒಳಗೆ ಚೆನ್ನಾಗಿ ಒರೆಸಿ. ಬೆರಳು ಹಾಕಿ ಸವರಿ ನೋಡಿ, ಬೆರಳಿಗೆ ಗೊತ್ತಾಗತ್ತೆ. ಸ್ಪಿಂಡಲ್ ಓಡ್ತಿರೋವಾಗ ಖಂಡಿತ ಅಲ್ಲ, ಪ್ಲಗ್ ಕಿತ್ತು. ಆಮೇಲೆ ಲಿವರ್ ಡಯಲ್ ಗೇಜ್ (ಸೂಕ್ಷ್ಮ ಓಲಾಟವನ್ನ ಮುಳ್ಳಲ್ಲಿ ತೋರಿಸೋ ಅಳತೆ ಸಾಧನ) ತಗೊಂಡು ಟೇಪರ್‌ನ ಒಳಮೈಗೆ ತಾಗಿಸಿ, ಕೈಯಲ್ಲಿ ನಿಧಾನಕ್ಕೆ ಸ್ಪಿಂಡಲ್ ತಿರುಗಿಸಿ ಓದಿ. ಅದನ್ನ ಬರ್ಕೊಳ್ಳಿ. ಈಗ ಚಕ್ ಹಾಕಿ, ಗ್ರೈಂಡ್ ಮಾಡಿದ ಒಂದು ನೇರ ಪಿನ್ ಕಚ್ಚಿಸಿ, ಅದ್ರ ಮೇಲೆ ಗೇಜ್ ಇಟ್ಟು ಮತ್ತೆ ಓದಿ. ಕಾಮಾಕ್ಷಿಪಾಳ್ಯದ ಮಷೀನಲ್ಲಿ ಟೇಪರ್ ಒಳಗೆ 0.02 ಎಂಎಂ ಬಂತು, ಚಕ್ಕಿನ ಪಿನ್ ಮೇಲೆ 0.15. ಅಂದ್ರೆ ಸ್ಪಿಂಡಲ್ ಚೆನ್ನಾಗಿದೆ, ಕೆಟ್ಟಿರೋದು ಚಕ್ಕು. ಚಕ್ ಬದಲಾಯಿಸಿದ್ರೆ ಮುಗೀತು. ಇದನ್ನ ಅಳೆಯದೇ ಬೇರಿಂಗ್ ಎಳೆದು ಹಾಕಿದ್ರೆ ಖರ್ಚೂ ಆಗ್ತಿತ್ತು, ಔಟೂ ಹಂಗೇ ಇರ್ತಿತ್ತು. ಮಾರ್ಕೆಟ್ಟಲ್ಲಿ ‘ಶೇಕ್ ಇದೆ’ ಅಂತ ಅರ್ಧ ರೇಟಿಗೆ ಬಿಡೋ ಎಷ್ಟೋ ಮಷೀನ್‌ಗಳ ಕತೆ ಇಷ್ಟೇ, ಅದಕ್ಕೇ ನೋಡೋಕೆ ಹೋಗೋವಾಗ್ಲೇ ಗೇಜ್ ತಗೊಂಡು ಹೋಗಿ ಅಂತ ನಾನು ಹೇಳೋದು.

ಟೇಪರ್ ಒಳಗೆ ಗೀರು ಇದ್ರೆ? ಎಂಟಿ ಫಿನಿಶಿಂಗ್ ರೀಮರ್ ಅಂತ ತೂತಿನ ಒಳಮೈ ಕೆರೆಯೋ ಟೂಲ್ ಸಿಗತ್ತೆ, ಎಣ್ಣೆ ಹಾಕಿ ಕೈಯಲ್ಲಿ, ಕೈಯಲ್ಲಿ ಮಾತ್ರ, ಎದ್ದಿರೋ ಭಾಗವನ್ನ ತೆಗೆಯೋಷ್ಟು ತಿರುಗಿಸಿ. ಆಮೇಲೆ ಒಳ್ಳೇ ಟೇಪರ್ ಶ್ಯಾಂಕ್‌ಗೆ ಮಾರ್ಕಿಂಗ್ ಬ್ಲೂ ತೆಳುವಾಗಿ ಹಚ್ಚಿ ಒಳಗೆ ಹಾಕಿ ತೆಗೀರಿ. ನೀಲಿ ಉದ್ದಕ್ಕೂ ಒಂದೇ ಥರ ಹತ್ತಿದ್ರೆ ಸರಿ. ಒಂದೇ ತುದಿಗೆ ಹತ್ತಿದ್ರೆ ಇನ್ನೂ ಕೆಲ್ಸ ಇದೆ.

ಬೇರಿಂಗ್ ನಿಜವಾಗ್ಲೂ ಹೋಗಿದ್ರೆ ಬದಲಾಯಿಸ್ಲೇಬೇಕು, ಅಲ್ಲೊಂದು ಎಚ್ಚರ. ಹಳೇ ಇಂಗ್ಲಿಷ್ ಮಷೀನಲ್ಲಿ ಇಂಚಿನ ಬೇರಿಂಗ್ ಇರ್ತವೆ. ಮುಕ್ಕಾಲು ಇಂಚು ಅಂದ್ರೆ 19.05 ಎಂಎಂ. ಅಂಗಡಿಯವ್ರು ‘6204 ಹಾಕಿ ಸರ್, ಹತ್ರ ಹತ್ರ ಅದೇ’ ಅಂತಾರೆ, 6204ದು 20 ಎಂಎಂ ಬೋರ್, ಹೊರಗಿನ ಅಳತೆ 47, ದಪ್ಪ 14, ಯಾವುದೂ ಸೇರಲ್ಲ. ಶಾಫ್ಟ್‌ಗೆ ತಗಡು ಸುತ್ತಿ ಅದನ್ನೇ ತುರುಕಿರೋದನ್ನೂ ನೋಡಿದೀನಿ, ದಯವಿಟ್ಟು ಆ ಕೆಲ್ಸ ಮಾಡ್ಬೇಡಿ. ಆರ್‌ಎಲ್‌ಎಸ್ ಸೀರೀಸ್ ಅಂತ ಇಂಚಿನ ಬೇರಿಂಗ್‌ಗಳು ಇವತ್ತಿಗೂ ತಯಾರಾಗ್ತಿವೆ, ಆರ್ಡರ್ ಕೊಟ್ಟು ಕಾಯ್ಬೇಕು ಅಷ್ಟೇ. ಮೆಟ್ರಿಕ್ ಬೇರಿಂಗ್ ಆದ್ರೂ ಬಿಲ್ ಕೊಡೋ ಅಧಿಕೃತ ಡೀಲರ್ ಹತ್ರಾನೇ ತಗೊಳ್ಳಿ, ಡೂಪ್ಲಿಕೇಟ್ ಡಬ್ಬಿಗಳು ಬಹಳ ಓಡಾಡ್ತಿವೆ. ಹಾಕೋವಾಗ ಶಾಫ್ಟ್ ಮೇಲೆ ಬಿಗಿ ಇದ್ರೆ ಒಳಗಿನ ರಿಂಗನ್ನ ಮಾತ್ರ ಒತ್ತಬೇಕು, ಹೊರಗಿನ ರಿಂಗ್ ಮೇಲೆ ಹೊಡೆದ್ರೆ ಗುಂಡುಗಳು ಟ್ರ್ಯಾಕ್ ಮೇಲೆ ಗುಳಿ ಮಾಡ್ತವೆ, ಹೊಸ ಬೇರಿಂಗ್ ಹಾಕಿದ ದಿನಾನೇ ಗರಗರ ಅನ್ನತ್ತೆ. ಮತ್ತೊಂದು, ಡ್ರಿಲ್ ಕೆಳಗೆ ಒತ್ತಿದಾಗ ಭಾರ ಮೇಲಕ್ಕೆ ಬರತ್ತೆ, ಅದನ್ನ ತಡ್ಕೊಳೋಕೆ ಹಳಬರು ಸ್ಪಿಂಡಲ್ ಕೆಳಗಡೆ ಬೇರೆ ಥ್ರಸ್ಟ್ ಬೇರಿಂಗ್ ಇಟ್ಟಿರ್ತಾರೆ. ಅದನ್ನ ‘ಇದ್ಯಾಕೆ’ ಅಂತ ತೆಗೆದು ವಾಷರ್ ಹಾಕಿರೋ ಮಷೀನ್‌ಗಳು ಸಿಗ್ತವೆ, ವಾಪಸ್ ಹಾಕಿ.

ಸ್ಪಿಂಡಲ್ ಆದ್ಮೇಲೆ ಟೇಬಲ್. ಸ್ಪಿಂಡಲ್‌ಗೆ ಟೇಬಲ್ ನೆಟ್ಟಗೆ ಅಡ್ಡ, ಅಂದ್ರೆ 90 ಡಿಗ್ರಿ ಇರ್ಬೇಕು. ಚಕ್ಕಲ್ಲಿ ಒಂದು ಬಗ್ಗಿಸಿದ ರಾಡ್ ಕಚ್ಚಿಸಿ ಅದ್ರ ತುದಿಗೆ ಗೇಜ್ ಕಟ್ಟಿ, ಟೇಬಲ್ ಮೇಲೆ ತಾಗಿಸಿ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ನಾಲ್ಕು ದಿಕ್ಕಲ್ಲೂ ಓದಿ. ಎಡ ಬಲ ವ್ಯತ್ಯಾಸ ಇದ್ರೆ ಟೇಬಲ್ ಓರೆ ಮಾಡೋ ಬೋಲ್ಟಲ್ಲೇ ಸರಿ ಹೋಗತ್ತೆ. ಹಿಂದೆ ಮುಂದೆ ಇದ್ರೆ ಟೇಬಲ್ ತೋಳಿನ ಕೆಳಗೆ ತೆಳು ತಗಡಿನ ಶಿಮ್ ಕೊಡ್ಬೇಕು, ಇಲ್ಲಾ ಟೇಬಲ್ ಮೇಲ್ಮೈಯನ್ನ ಸರ್ಫೇಸ್ ಗ್ರೈಂಡಿಂಗ್‌ಗೆ ಕೊಡ್ಬೇಕು.

ಮೋಟರ್, ಬೆಲ್ಟ್ ಬಗ್ಗೆ. ಹಳೇ ಬೆಲ್ಟ್ ಒಂದೇ ಕಡೆ ನಿಂತೂ ನಿಂತೂ ಆಕಾರ ಕೆಟ್ಟಿರತ್ತೆ, ನಡುಕ ಅರ್ಧ ಅಲ್ಲಿಂದಾನೇ, ಹೊಸ ಎ-ಸೆಕ್ಷನ್ ವಿ-ಬೆಲ್ಟ್ ಹಾಕಿ, ಬಿಗಿ ಜಾಸ್ತಿ ಮಾಡ್ಬೇಡಿ. ಸ್ಪೀಡ್ ಲೆಕ್ಕ ಹುಡುಗ್ರು ಬಾಯಿಪಾಠ ಮಾಡ್ಕೊಳ್ಳಿ: 1440 ಆರ್‌ಪಿಎಂ ಮೋಟರ್, ಅದ್ರ ಪುಲ್ಲಿ 75 ಎಂಎಂ, ಸ್ಪಿಂಡಲ್ ಪುಲ್ಲಿ 150 ಎಂಎಂ ಆದ್ರೆ ಸ್ಪಿಂಡಲ್ 720. ಎಂಎಸ್‌ಗೆ (ಮೆತ್ತನೆ ಉಕ್ಕು) ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ಲಲ್ಲಿ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಹಿಡಿದ್ರೆ 10 ಎಂಎಂ ಡ್ರಿಲ್‌ಗೆ ಹತ್ರ ಹತ್ರ 800 ಆರ್‌ಪಿಎಂ ಬೇಕು, 20 ಎಂಎಂಗೆ 400. ಹಂಗಾಗಿ ಕೊಳ್ಳೋ ಮಷೀನಲ್ಲಿ ಅತಿ ಕಡಿಮೆ ಸ್ಪೀಡ್ ಎಷ್ಟಿದೆ ಅಂತ ಕೇಳಿ, ಜಾಸ್ತಿ ಸ್ಪೀಡ್ ಎಷ್ಟು ಅನ್ನೋದಲ್ಲ.

‘ಮನೇಲಿ ಸಿಂಗಲ್ ಫೇಸ್ ಇದೆ ಅಣ್ಣ, ತ್ರೀ ಫೇಸ್ ಮೋಟರ್ ಎಸೀಬೇಕಾ?’ ಅಂತ ಹಿಂದೆ ಕೂತಿದ್ದ ಒಬ್ಬ ತಮ್ಮ ಕೇಳ್ದ. ಎಸೀಬೇಡಪ್ಪ. 230 ವೋಲ್ಟ್ ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡೋ ಸಣ್ಣ ವಿಎಫ್‌ಡಿ ಸಿಗತ್ತೆ. ಸಣ್ಣ ಮೋಟರ್‌ಗಳು ಸಾಮಾನ್ಯವಾಗಿ 415 ವೋಲ್ಟ್‌ಗೆ ಸ್ಟಾರ್ ಕನೆಕ್ಷನ್ನಲ್ಲಿ ಇರ್ತವೆ, ಟರ್ಮಿನಲ್ ಬಾಕ್ಸಲ್ಲಿ ಆರು ವೈರ್ ಹೊರಗೆ ಬಂದಿದ್ರೆ ಡೆಲ್ಟಾ ಕನೆಕ್ಷನ್ ಮಾಡ್ಕೊಂಡು ವಿಎಫ್‌ಡಿಯ 230 ವೋಲ್ಟಲ್ಲೇ ಓಡಿಸ್ಬಹುದು. ಮೂರೇ ವೈರ್ ಇದ್ರೆ ವೈಂಡಿಂಗ್ ಅಂಗಡಿಯವ್ರಿಗೆ ತೋರಿಸು. ಹಳೇ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕು, ಅರ್ತಿಂಗ್ ಮರೀಬೇಡ. ವಿಎಫ್‌ಡಿ ಇಲ್ಲದೆ ಓಡಿಸೋದಾದ್ರೆ ಬರೀ ಆನ್ ಆಫ್ ಸ್ವಿಚ್ ಬೇಡ, ಡಿಒಎಲ್ ಸ್ಟಾರ್ಟರ್ ಇರ್ಬೇಕು, ಯಾಕಂದ್ರೆ ಕರೆಂಟ್ ಹೋಗಿ ಬಂದಾಗ ಅದು ತಾನಾಗೇ ಶುರುವಾಗಲ್ಲ. ನಮ್ಮೂರಲ್ಲಿ ಕರೆಂಟ್ ಹೋದಾಗ ಜನ ಚಕ್ ಕೀ ಹಾಕಿ ಡ್ರಿಲ್ ಬದಲಾಯಿಸೋಕೆ ಕೂರ್ತಾರೆ, ಆಗ ಕರೆಂಟ್ ಬಂದ್ರೆ ಏನಾಗತ್ತೆ ಯೋಚನೆ ಮಾಡಿ. ಬಿಚ್ಚೋವಾಗ ಗ್ಲೌಸ್ ಹಾಕಿ ಅಂದೆ, ಓಡಿಸೋವಾಗ ಗ್ಲೌಸ್ ಹಾಕ್ಲೇಬಾರ್ದು, ತಿರುಗೋ ಡ್ರಿಲ್ ಗ್ಲೌಸ್ ಜೊತೆ ಕೈನೂ ಎಳ್ಕೊಳತ್ತೆ.

ಬಣ್ಣ ಜಾಸ್ತಿ ಹೇಳಲ್ಲ. ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಒಳ್ಳೇ ಎನಾಮಲ್. ಆದ್ರೆ ಹಳೇ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಬಹಳ, ಮನೆ ಬಣ್ಣಗಳಿಗೇ ನಮ್ಮ ದೇಶದಲ್ಲಿ 90 ಪಿಪಿಎಂ ಮಿತಿ ಬಂದಿದ್ದು 2016ರ ನಿಯಮದಿಂದ. ಹಂಗಾಗಿ ಒಣಗಿದ್ದನ್ನ ಉಜ್ಜಿ ಧೂಳು ಎಬ್ಬಿಸ್ಬೇಡಿ, ನೀರು ಹಾಕಿ ವಾಟರ್ ಪೇಪರಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನ ಹತ್ರ ಬಿಡ್ಬೇಡಿ, ಆ ಬಟ್ಟೆಲೇ ಹೋಗಿ ಮಗು ಎತ್ಕೋಬೇಡಿ. ಹಳೇ ಬಣ್ಣ ಗಟ್ಟಿಯಾಗಿ ಕೂತಿದ್ರೆ ತೊಳೆದು ಹಂಗೇ ಬಿಡೋದೇ ನನಗಿಷ್ಟ.

ನೇಮ್ ಪ್ಲೇಟ್ ಮುಟ್ಬೇಡಿ. ಬಫಿಂಗ್ ವೀಲ್‌ಗೆ ಕೊಟ್ರೆ ಅಕ್ಷರ ಅಳಿಸಿ ಹೋಗತ್ತೆ, ಸೋಪ್ ನೀರಲ್ಲಿ ಮೆತ್ತನೆ ಬ್ರಷ್ ಸಾಕು. ಕಾರ್ಖಾನೆಯವ್ರು ಮಷೀನ್ ಮೈ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿರ್ತಾರಲ್ಲ, ಅದನ್ನೂ ಉಳಿಸಿ. ಅದ್ರ ಮುಂದೆ ಯಾರೋ ವರ್ಷಾನುಗಟ್ಟಲೆ ನಿಂತು ಕೆಲ್ಸ ಮಾಡಿ ಮನೆ ಕಟ್ಟಿದಾರೆ, ಮಕ್ಕಳನ್ನ ಓದಿಸಿದಾರೆ, ಆ ಗುರುತು ಅಳಿಸೋ ಹಕ್ಕು ನಮಗಿಲ್ಲ ಅಂತ ನಾನು ನಂಬಿದೀನಿ. ಬೆಲೆಗೂ ಅದು ಒಳ್ಳೇದೇ, ಗೊತ್ತಿರೋ ಗಿರಾಕಿಗಳಲ್ಲಿ ಎಷ್ಟೋ ಜನ ಮೊದ್ಲು ನೋಡೋದು ಪ್ಲೇಟನ್ನ.

ಇನ್ನು ಮಾರೋದು. ಬೆಲೆ ಕಟ್ಟೋಕೆ ನಾನು ನಾಲ್ಕು ಅಂಕಿ ಬರ್ಕೊಳ್ತೀನಿ: ಕೊಂಡಿದ್ದು, ಸಾಗಿಸಿದ್ದು, ಹಾಕಿದ ಸಾಮಾನು, ನನ್ನ ಕೆಲ್ಸದ ಗಂಟೆಗಳಿಗೆ ಒಬ್ಬ ಫಿಟ್ಟರ್‌ಗೆ ಕೊಡೋ ಕೂಲಿ. ಅದಕ್ಕೆ ಎದುರಾಗಿ ರಾಜ್‌ಕೋಟ್, ಲೂಧಿಯಾನ ಕಡೆಯಿಂದ ಬರೋ ಅದೇ ಕೆಪ್ಯಾಸಿಟಿಯ ಹೊಸ ಮಷೀನ್ ಇವತ್ತು ಎಷ್ಟಿದೆ ಅಂತ ನೋಡ್ತೀನಿ. ನನ್ನ ಲೆಕ್ಕ ಅದಕ್ಕಿಂತ ಮೇಲೆ ಹೋಗಿದ್ರೆ ಗಂಟೆಗಳಲ್ಲಿ ನಾನೇ ಬಿಟ್ಕೊಡ್ತೀನಿ. ‘ವಿಂಟೇಜ್’ ಅಂತ ಸೇರಿಸಿ ರೇಟ್ ಏರಿಸೋದು ನನಗೆ ಒಪ್ಪಿಗೆ ಇಲ್ಲ, ತೂತು ಹೊಡಿಯೋವ್ನಿಗೆ ವಯಸ್ಸಿಂದ ಏನೂ ಸಿಗಲ್ಲ.

ಫೋಟೋ ತೆಗೆಯೋವಾಗ ಟೇಬಲ್ ಗುಂಡಿನೂ ಕಾಣ್ಲಿ. ಓಡೋ ವಿಡಿಯೋ ಹಾಕಿ, ಹಿನ್ನೆಲೆ ಮ್ಯೂಸಿಕ್ ಬೇಡ, ಮಷೀನ್ ಶಬ್ದಾನೇ ಕೇಳಿಸ್ಬೇಕು. ಡಯಲ್ ಗೇಜ್ ಮುಳ್ಳು ಅಲ್ಲಾಡೋದನ್ನ ಹತ್ರದಿಂದ ತೋರ್ಸಿ. ಮತ್ತೆ ಒಂದು ಹಾಳೆ ಬರೀರಿ, ಕನ್ನಡದಲ್ಲೇ: ಟೇಪರ್ ಯಾವುದು, ಔಟ್ ಎಷ್ಟು, ಯಾವ ಬೇರಿಂಗ್ ನಂಬರ್ ಹಾಕಿದೀರಿ, ಬೆಲ್ಟ್ ಸೈಜ್, ಮೋಟರ್ ಕನೆಕ್ಷನ್, ಯಾವ ಬೋಲ್ಟ್ ಒರಿಜಿನಲ್ ಅಲ್ಲ, ಏನು ಸರಿ ಮಾಡೋಕೆ ಆಗ್ಲಿಲ್ಲ. ಈ ಹಾಳೆ ಓದಿ ವಾಪಸ್ ಹೋದೋರೂ ಇದಾರೆ. ಹೋಗ್ಲಿ ಬಿಡಿ, ಅವ್ರಿಗೆ ಬೇಕಾಗಿದ್ದು ಇದಲ್ಲ ಅಂತ ಮೊದ್ಲೇ ಗೊತ್ತಾಯ್ತು.

ಕಾಮಾಕ್ಷಿಪಾಳ್ಯದ ಮಷೀನ್ ನೋಡೋಕೆ ದೊಡ್ಡಬಳ್ಳಾಪುರದಿಂದ ಒಬ್ಬರು ಬಂದಿದ್ರು, ಪವರ್‌ಲೂಮ್ ಸ್ಪೇರ್ಸ್ ಮಾಡೋವ್ರು. ಫೋನಲ್ಲೇ ‘ಅಣ್ಣ, ಲಾಸ್ಟ್ ಎಷ್ಟು ಹೇಳ್ಬಿಡಿ’ ಅಂದ್ರು. ‘ಬನ್ನಿ, ನಿಮ್ಮ ಜಾಬ್ ಒಂದು ತಗೊಂಡು ಬನ್ನಿ, ನಿಮ್ಮ ಡ್ರಿಲ್ಲೂ ತನ್ನಿ, ತೂತು ಹೊಡೆದು ನೋಡಿ, ರೇಟ್ ಆಮೇಲೆ ಮಾತಾಡೋಣ’ ಅಂದೆ. ಬಂದ್ರು, ಬೀಡಿನ ಬ್ರಾಕೆಟ್ ತಂದಿದ್ರು, 12 ಎಂಎಂ ಹೊಡೆದು ಜೇಬಿಂದ ತೂತಿನ ಅಳತೆ ನೋಡೋ ಪ್ಲಗ್ ಗೇಜ್ ತೆಗೆದು ಹಾಕಿ ನೋಡಿದ್ರು. ಪ್ಲೇಟ್ ನೋಡ್ಲಿಲ್ಲ, ಬಣ್ಣ ನೋಡ್ಲಿಲ್ಲ. ಹಾಳೆ ಮಾತ್ರ ಎರಡು ಸಲ ಓದಿದ್ರು, ‘ಥ್ರಸ್ಟ್ ಬೇರಿಂಗ್ ಹೊಸದಾ?’ ಅಂತ ಕೇಳಿದ್ರು, ಸ್ವಲ್ಪ ಚೌಕಾಸಿ ಆಯ್ತು, ಮುಗೀತು. ಅಂಥ ಗಿರಾಕಿ ಸಿಕ್ಕಿದ್ರೆ ಸ್ವಲ್ಪ ಕಡಿಮೆಗೇ ಕೊಡ್ತೀನಿ ನಾನು. ಜೊತೆಗೆ ಡ್ರಿಫ್ಟು, ಚಕ್ ಕೀ, ಒಂದು ಬೆಲ್ಟ್ ಎಕ್ಸ್‌ಟ್ರಾ ಕೊಟ್ಟು ಕಳಿಸ್ದೆ.

ಕೆಫೆಗೆ ಡೆಕೊರೇಷನ್‌ಗೆ ಅಂತ ಕೇಳೋವ್ರು ಈಗ ಜಾಸ್ತಿ ಆಗಿದಾರೆ, ಇಂದಿರಾನಗರ, ಕೋರಮಂಗಲ ಕಡೆಯವ್ರು, ದುಡ್ಡೂ ಜಾಸ್ತಿ ಕೊಡ್ತಾರೆ. ಅವ್ರಿಗೆ ಕೊಡ್ತೀರಾ ಅಂತ ಇಲ್ಲಿ ಒಬ್ಬರು ಮೇಡಂ ಕೇಳಿದ್ರು. ಹೆಡ್ ಒಡೆದಿರೋದು, ಸ್ಪಿಂಡಲ್ ಇಲ್ಲದೇ ಇರೋದು ಇದ್ರೆ ಖುಷಿಯಾಗಿ ಕೊಡ್ತೀನಿ ಮೇಡಂ, ಗುಜರಿಗೆ ಹೋಗೋದಕ್ಕಿಂತ ಅಲ್ಲಿ ನಿಲ್ಲಲಿ. ಓಡೋ ಮಷೀನ್ ಕೊಡಲ್ಲ. ಅದು ಬೇಕಾಗಿರೋ ಹುಡುಗ ಬೊಮ್ಮಸಂದ್ರದಲ್ಲೋ ಪೀಣ್ಯದಲ್ಲೋ ಬಾಡಿಗೆ ಶೆಡ್ ಹುಡುಕ್ತಾ ಇರ್ತಾನೆ.

ಕೊನೇಲಿ ಐಟಿಐ ಹುಡುಗ ಒಬ್ಬ ಕೇಳಿದ್ದು, ‘ಸರ್, ಮೊದಲನೇ ಸಲ ಯಾವುದು ತಗೋಬೇಕು?’ ಅರ್ಧ ಇಂಚು ಕೆಪ್ಯಾಸಿಟಿ ಬೆಂಚ್ ಡ್ರಿಲ್ ತಗೊಳಪ್ಪ, ಇಬ್ರು ಎತ್ತೋಷ್ಟು ತೂಕ ಇರ್ಲಿ, ಸ್ಪಿಂಡಲ್ಲಲ್ಲಿ ಎಂಟಿ-2 ಇದ್ರೆ ಇನ್ನೂ ಒಳ್ಳೇದು, ಮೆಟ್ರಿಕ್ ಬೋಲ್ಟ್ ಇರೋ ನಮ್ಮ ದೇಶದ ಮಷೀನ್ ಆಗ್ಲಿ, ಸಾಮಾನು ಹುಡುಕೋದು ಸುಲಭ. ಮೋಟರ್ ಸುಟ್ಟಿದ್ರೂ ಪರ್ವಾಗಿಲ್ಲ, ರೇಟ್ ಕಡಿಮೆ ಆಗತ್ತೆ. ಹೆಡ್ ಬಿರುಕು ನೋಡು, ಟೇಪರ್ ಒಳಗೆ ಬೆರಳು ಹಾಕಿ ನೋಡು, ಔಟ್ ಅಳೆದು ನೋಡು. ಡಯಲ್ ಗೇಜ್ ಇಲ್ಲ ಅಂದ್ರೆ ನನ್ನ ಹತ್ರ ಎರಡಿದೆ, ಶನಿವಾರ ಬಂದು ಒಂದು ತಗೊಂಡು ಹೋಗು, ಮ್ಯಾಗ್ನೆಟ್ ಸ್ಟ್ಯಾಂಡೂ ಕೊಡ್ತೀನಿ, ಕೆಲ್ಸ ಆದ್ಮೇಲೆ ತಂದು ಕೊಡು.